ಕೂತ ಸದ್ದು

ಕೆಟಲ್ ಕೂಗುತ್ತಿತ್ತು. ಹಾಗೆಂದು ಹೆಂಡತಿ ಬಂದು ಹೇಳಿದಳು. ಅವನು ಅದರ ಎದುರಿಗೇ, ಒಂದು ಮೊಳ ದೂರದಲ್ಲಿ, ಕೈಯಲ್ಲಿ ಖಾಲಿ ಲೋಟ ಹಿಡಿದು ನಿಂತಿದ್ದ. ಮೂತಿಯಿಂದ ಆವಿ ನುಗ್ಗುತ್ತಿರುವುದು ಕಾಣುತ್ತಿತ್ತು, ಮುಚ್ಚಳ ನಡುಗುತ್ತಿರುವುದೂ ಕಾಣುತ್ತಿತ್ತು. ಕೂಗೊಂದು ಮಾತ್ರ ಇರಲಿಲ್ಲ. "ಏನ್ರೀ, ಬೀದಿ ಕೊನೇವರೆಗೂ ಕೇಳಿಸ್ತಿದೆ, ನೀವು ಅದರ ಮುಂದೇನೇ ನಿಂತ್ಕೊಂಡು ಧ್ಯಾನ ಮಾಡ್ತಿದೀರಲ್ಲ" ಎಂದು ಅವಳು ಒಲೆ ಆರಿಸಿದಳು. "ಚೆನ್ನಾಗಿ ಕುದೀಲಿ ಅಂತ ಬಿಟ್ಟಿದ್ದೆ" ಎಂದ. ನೀರು ಚೆನ್ನಾಗಿ ಕುದಿಯುವುದು, ಸಾಧಾರಣವಾಗಿ ಕುದಿಯುವುದು ಎಂದು ಎರಡು ಬಗೆ ಇಲ್ಲವೆಂಬುದು ಹೇಳಿಯಾದ ಮೇಲೆ ಹೊಳೆಯಿತು. ಹೆಂಡತಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು, ಆಮೇಲೆ ಅದನ್ನು ಚಹಾಪುಡಿಯ ಡಬ್ಬಿಯ ಕಡೆ ತಿರುಗಿ ಹೇಳಿದಳು. ಡಬ್ಬಿಗೆ ಹೇಳಿದ್ದು ಅವನವರೆಗೆ ಬರಲಿಲ್ಲ. "ಹೂಂ, ಆಯ್ತು" ಎಂದ. ಈ ಎರಡು ಮಾತಿನ ಮೇಲೆಯೇ ಅವನ ಸಂಸಾರ ಈಚೆಗೆ ನಡೆಯುತ್ತಿತ್ತು. ಹೀಗೆ ಹೂಂಗುಟ್ಟಿಯೇ ಒಮ್ಮೆ ನಾದಿನಿಯ ಮನೆಯವರೆಲ್ಲ ಬಂದು ಉಳಿಯುವುದಕ್ಕೆ ಒಪ್ಪಿಕೊಂಡುಬಿಟ್ಟಿದ್ದ. ಅವರು ಪೆಟ್ಟಿಗೆ ಹಾಸಿಗೆ ಸಮೇತ ಬಾಗಿಲಲ್ಲಿ ನಿಂತಾಗಲೇ ವಿಷಯ ತಿಳಿದದ್ದು.

ದಪ್ಪ ಸದ್ದುಗಳೆಲ್ಲ ಇನ್ನೂ ಇದ್ದವು. ಲಾರಿ, ಬಾಗಿಲು ಬಡಿಯುವುದು, ಗಂಡಸರ ಮಾತು, ಅವನದೇ ಕೆಮ್ಮು. ಹೋದವೆಲ್ಲ ಸಣ್ಣವು, ಒಂದೊಂದಾಗಿ, ಬಾಡಿಗೆಯವರು ಸಾಮಾನು ಸಾಗಿಸಿದ ಹಾಗೆ. ಮೊದಲು ಹಕ್ಕಿಗಳು ಹೋದವು. ಹಕ್ಕಿಗಳ ಕಡೆ ಅವನಿಗೆ ಮೊದಲೂ ಗಮನ ಇರಲಿಲ್ಲವಾದ್ದರಿಂದ ಗೊತ್ತಾಗಲಿಲ್ಲ. ಆಮೇಲೆ ಕರೆಗಂಟೆ, ಕೈಗಡಿಯಾರ, ಹೆಂಡತಿಯ ಮಾತಿನ ಅಂಚುಗಳು. ಬೇರೆ ಯಾರಿಗಾದರೂ ಆಗಿದ್ದರೆ ವಯಸ್ಸಾಯಿತಪ್ಪಾ ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವನನ್ನು ಊರೆಲ್ಲ ಕಿವಿ ಮೇಸ್ತ್ರಿ ಎಂದು ಕರೆಯುತ್ತಿತ್ತು. ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಕಟ್ಟಿಕೊಡುವವರು ಇನ್ನೂ ಕೆಲವರಿದ್ದರು. ಬಿಚ್ಚುವ ಮೊದಲೇ ತಲೆ ಓರೆ ಮಾಡಿ, "ಹಿಂದಿನ ಬೇರಿಂಗ್" ಎಂದು ಹೇಳಿ, ಸಂಜೆ ಅದನ್ನೇ ತಂದು ಗಿರಾಕಿಯ ಅಂಗೈಗೆ ಹಾಕುತ್ತಿದ್ದವನು ಅವನೊಬ್ಬನೇ. ಕಂಪ್ಯೂಟರ್ ಇಟ್ಟುಕೊಂಡ ದೊಡ್ಡ ವರ್ಕ್‌ಶಾಪಿನವರೂ ತಲೆಕೆಟ್ಟಾಗ ಹಿಂಬಾಗಿಲಿಂದ ಗಾಡಿ ಕಳಿಸುತ್ತಿದ್ದರು. ಆ ಕಿವಿ ಹೋಯಿತೆಂದು ಗೊತ್ತಾದರೆ ಉಳಿಯುವುದು ಒಂದು ಶೆಡ್ಡು, ಗಾಡಿ ಎತ್ತುವ ಒಂದು ಲಿಫ್ಟು, ಕೈಕೆಳಗೆ ಕೆಲಸ ಮಾಡುವ ಒಬ್ಬ ಭಾವಮೈದ. ಕಿವಿ ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಕಿವಿ ಡಾಕ್ಟರ ಗಾಡಿಯನ್ನು ನೋಡಿಕೊಳ್ಳುತ್ತಿದ್ದವನೂ ಅವನೇ.

ಅದಕ್ಕೇ ಅವನೊಂದು ಪದ್ಧತಿ ಹುಟ್ಟುಹಾಕಿದ್ದ. ಗಾಡಿ ತಂದವರು ಸದ್ದನ್ನು ಮೊದಲು ಬಾಯಲ್ಲಿ ಮಾಡಿ ತೋರಿಸಬೇಕು, ಇಂಜಿನ್ ಶುರು ಮಾಡುವುದೆಲ್ಲ ಆಮೇಲೆ. ಎಂಥ ಸಣ್ಣ ಸದ್ದನ್ನೂ ಮನುಷ್ಯರ ಬಾಯಿ ತನ್ನ ಮಟ್ಟಕ್ಕೆ ಇಳಿಸಿಯೇ ಹೇಳುತ್ತದೆ, ಆ ಮಟ್ಟ ಅವನಿಗಿನ್ನೂ ಎಟುಕುತ್ತಿತ್ತು. ಗೊರಗೊರ ಎಂದರೆ ಬೇರಿಂಗು, ಕಟಕಟ ಎಂದರೆ ತಟ್ಟೆಯ ಬೋಲ್ಟು, ಕುಂಯ್ ಎಂದರೆ ಪಂಪು. ದೊಡ್ಡ ದೊಡ್ಡವರೆಲ್ಲ ಶೆಡ್ಡಿನಲ್ಲಿ ನಿಂತು ತುಟಿ ಅದುರಿಸಿದ್ದರು. ಒಬ್ಬ ನಿವೃತ್ತ ಜಡ್ಜು "ಗುಡುಗುಡುಗುಡು, ಟಣ್" ಎಂದು ತೀರ್ಪು ಓದುವ ದನಿಯಲ್ಲಿ ಹೇಳಿ, ಸ್ವಲ್ಪ ಯೋಚಿಸಿ, ಟಣ್ ಎನ್ನುವುದನ್ನು ವಾಪಸು ತೆಗೆದುಕೊಂಡಿದ್ದರು. ಜನ ಇದನ್ನು ಮೇಸ್ತ್ರಿಯ ಗತ್ತು ಎಂದುಕೊಂಡರು. ಅವನೂ ಅಡ್ಡಿ ಮಾಡಲಿಲ್ಲ.

ಅವತ್ತು ಶೆಡ್ಡಿನ ಬಾಗಿಲು ತೆಗೆಯುವ ಹೊತ್ತಿಗೇ ಹಲ್ಲಿನ ಡಾಕ್ಟರಮ್ಮ ಬಂದು ನಿಂತಿದ್ದರು. ಅವರ ಗಾಡಿಯ ಗೇರ್‌ಬಾಕ್ಸನ್ನು ಅವನು ಈಚೆಗಷ್ಟೇ ಪೂರ್ತಿ ಕಟ್ಟಿಕೊಟ್ಟಿದ್ದ. ಕೊಡುವಾಗ ತಾನೇ ಒಂದು ಸುತ್ತು ಓಡಿಸಿ ನೋಡಿ, "ರೇಷ್ಮೆ ಮೇಡಂ, ಒಂದು ಪಿಸುಮಾತೂ ಇಲ್ಲ" ಎಂದಿದ್ದ. ಭಾವಮೈದ ಆ ದಿನ ರಜೆ ಹಾಕಿದ್ದ, ಮಗಳಿಗೆ ಜ್ವರ. ಈಗ ಡಾಕ್ಟರಮ್ಮನ ಮುಖದಲ್ಲಿ ರೇಷ್ಮೆಯ ಸುಳಿವೇ ಇರಲಿಲ್ಲ. "ನೀವು ಕೊಟ್ಟ ದಿನದಿಂದಾನೇ ಇದೆ ಮೇಸ್ತ್ರಿ. ಹೊಸದಾಗಿ ಕಟ್ಟಿದ್ದು, ಹೊಂದಿಕೊಳ್ಳಲಿ ಅಂತ ಬಿಟ್ಟೆ. ಈಗ ಜಾಸ್ತಿ ಆಗಿದೆ." ಮೂಲೆಯ ಸ್ಟೂಲಿನ ಮೇಲೆ ಟ್ಯಾಕ್ಸಿಯವನು ಕೂತಿದ್ದ. ಅವನ ಗಾಡಿಗೆ ಏನೂ ಆಗಿರಲಿಲ್ಲ. ಬೆಳಗಿನ ಚಹಾ ಇಲ್ಲೇ ಕುಡಿದು, ಇಲ್ಲಿ ಕಂಡದ್ದನ್ನು ದಿನವಿಡೀ ಪ್ರಯಾಣಿಕರಿಗೆ ಹೇಳುವುದು ಅವನ ವಾಡಿಕೆ. ಊರಿಗೆ ಬೇರೆ ಪತ್ರಿಕೆ ಬೇಕಿರಲಿಲ್ಲ.

"ಮಾಡಿ ತೋರಿಸಿ ಮೇಡಂ" ಎಂದ ಮೇಸ್ತ್ರಿ.

"ಗಾಡಿ ಇಲ್ಲೇ ಇದೆಯಲ್ಲ, ಕೇಳ್ಕೊಳ್ಳಿ."

"ಗಾಡಿ ಹೇಳೋದು ಬೇರೆ, ನಿಮ್ಮ ಕಿವಿಗೆ ಬಿದ್ದಿರೋದು ಬೇರೆ. ಮೊದಲು ನಿಮ್ದು."

ಡಾಕ್ಟರಮ್ಮ ಹಿಂದೆ ಮುಂದೆ ನೋಡಿ ಗಂಟಲು ಸರಿಮಾಡಿಕೊಂಡು "ಊಂ" ಎಂದರು. ತಲೆಯಾಡಿಸಿದರು. "ಅಲ್ಲ, ಇಷ್ಟು ದಪ್ಪ ಅಲ್ಲ ಅದು. ನನ್ನ ಡ್ರಿಲ್ ಇದೆಯಲ್ಲ, ಆ ಥರ. ಬಾಯಲ್ಲಿ ಬರಲ್ಲ, ಇರಿ." ತುಟಿಗಳನ್ನು ಸಣ್ಣಗೆ ಮಾಡಿ, ಕೆನ್ನೆ ಒಳಗೆಳೆದು, ಹುಬ್ಬು ಏರಿಸಿದರು. ಶಿಳ್ಳೆ. ಇದಕ್ಕೆ ಅವನು ತಯಾರಾಗಿರಲಿಲ್ಲ. ಇಷ್ಟು ಕಾಲದಲ್ಲಿ ಯಾರೂ ಶಿಳ್ಳೆ ಹಾಕಿರಲಿಲ್ಲ. ಅವರ ಮುಖ ಕೆಂಪಗಾಗುತ್ತಾ ಹೋಯಿತು, ಕತ್ತಿನ ನರ ಉಬ್ಬಿತು. ಹಲ್ಲಿನ ಡಾಕ್ಟರೊಬ್ಬರು ಬೆಳಬೆಳಿಗ್ಗೆ ತನಗೆ ಮುತ್ತು ಕೊಡಲು ಬಂದಂತೆ ನಿಂತಿರುವುದನ್ನು ಅವನು ಗಂಭೀರವಾಗಿ ನೋಡಿದ. ಟ್ಯಾಕ್ಸಿಯವನು ಬಿದ್ದು ಬಿದ್ದು ನಕ್ಕ. ನಗುವ ಜಾಗ ಇದೇ ಇರಬೇಕೆಂದು ಅವನೂ ನಕ್ಕ. ಡಾಕ್ಟರಮ್ಮ ನಗಲಿಲ್ಲ. "ಕೇಳಿಸ್ತಲ್ಲ?" ಎಂದರು. "ಸ್ಪಷ್ಟವಾಗಿ" ಎಂದ ಮೇಸ್ತ್ರಿ.

ಒಂದು ಸುತ್ತು ಹೋಗಿ ಬರೋಣ ಎಂದಾಯಿತು. ಡಾಕ್ಟರಮ್ಮ ಓಡಿಸಿದರು, ಅವನು ಪಕ್ಕದಲ್ಲಿ, ಭಾವಮೈದ ಹಿಂದೆ. ಬೇಕರಿ ದಾಟಿ, ಶಾಲೆಯ ಕಾಂಪೌಂಡ್ ದಾಟಿ, ಸೇತುವೆಯ ಏರು. "ಈಗ" ಎಂದರು ಡಾಕ್ಟರಮ್ಮ. "ಈಗ ನೋಡಿ. ಏರ್ತಾ ಇದೆ. ಈಗ ಇಳೀತು." ಅವನು ತಲೆಯನ್ನು ಹಳೆಯ ಅಭ್ಯಾಸದಂತೆ ಓರೆ ಮಾಡಿದ. ಟೈರಿನ ಸದ್ದಿತ್ತು, ಇಂಜಿನ್ನಿನ ಗುನುಗು ಇತ್ತು, ಅದರಾಚೆ ಬಟ್ಟೆ ಹೊದಿಸಿದ ಹಾಗೆ ಏನೂ ಇರಲಿಲ್ಲ. ತನ್ನ ಕಡೆಯ ಕನ್ನಡಿ ಸರಿಮಾಡುವ ನೆಪದಲ್ಲಿ ಒಳಗಿನ ಕನ್ನಡಿಯನ್ನು ಕದ್ದು ನೋಡಿದ. ಹಿಂದೆ ಕೂತ ಭಾವಮೈದ ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಿಕೊಂಡಿದ್ದ. ಬೆರಳು ತೆಗೆದ. ಮತ್ತೆ ಮುಟ್ಟಿಕೊಂಡ. "ಈಗ ಮತ್ತೆ ಬಂತು" ಎಂದರು ಡಾಕ್ಟರಮ್ಮ. ಸದ್ದು ಬಂದಾಗ ಬೆರಳು ಮೂಗಿಗೆ, ಹೋದಾಗ ತೊಡೆಗೆ. ಕನ್ನಡಿಯಲ್ಲಿ ಅವನ ಕಣ್ಣು ಮೇಸ್ತ್ರಿಯ ಕಣ್ಣಿಗಾಗಿಯೇ ಕಾಯುತ್ತಿತ್ತು.

ಹಾಗಾದರೆ ಇವನಿಗೆ ಗೊತ್ತಿದೆ. ಈಚೆಗೆ ಇವನು ಯಾವಾಗಲೂ ತನ್ನ ಬಲಕ್ಕೇ ನಿಲ್ಲುವುದು, ಗಿರಾಕಿಗಳ ಮಾತನ್ನು "ಏನಂದ್ರಿ, ಕುಂಯ್ ಅಂತಾ ಅಂದ್ರಾ?" ಎಂದು ದಪ್ಪ ದನಿಯಲ್ಲಿ ಎರಡನೇ ಸಲ ಹೇಳುವುದು, ಫೋನ್ ಹೊಡೆದುಕೊಂಡಾಗ ಬೆಂಚಿನ ಮೇಲೆ ಸ್ಪ್ಯಾನರ್ ಕುಟ್ಟುವುದು, ಇದೆಲ್ಲ ಇವನ ಪೆದ್ದುತನ ಎಂದು ತಾನು ಬೈದದ್ದೂ ಇತ್ತು. ಇವನಿಗೆ ಗೊತ್ತಿದೆ ಎಂದರೆ ಇವನ ಅಕ್ಕನಿಗೆ ಗೊತ್ತಿದೆ. ಅವಳೇ ಹೇಳಿಕೊಟ್ಟಿರಬೇಕು: ಬಲಗಡೆ ನಿಂತ್ಕೋ ಕಣೋ, ನಿಮ್ಮ ಭಾವಂಗೆ ಎಡಗಡೇದು ಪೂರ್ತಿ ಹೋಗಿದೆ. ಅಕ್ಕ ತಮ್ಮ ಇಬ್ಬರೂ ಅಡುಗೆಮನೆಯಲ್ಲಿ ನಿಂತು, ದನಿ ತಗ್ಗಿಸುವ ಗೋಜೂ ಇಲ್ಲದೆ, ಅವನು ಆಚೆ ಕೂತಿರುವಾಗಲೇ ಮಾತಾಡಿರಬೇಕು. ಮಗುವಿಗೆ ತಿಳಿಯದ ಹಾಗೆ ಹಾಲಿನಲ್ಲಿ ಔಷಧಿ ಬೆರೆಸಿದಂತೆ ತನ್ನ ಮರ್ಯಾದೆಯನ್ನು ಇವರು ದಿನಾ ಬೆರೆಸಿ ಕುಡಿಸುತ್ತಿದ್ದರು. ಋಣಿಯಾಗಬೇಕಾದ ಜಾಗದಲ್ಲಿ ಅವನಿಗೆ ಮೈಯೆಲ್ಲ ಉರಿಯಿತು. ಆ ಮೂಗನ್ನು ಹಿಡಿದು ತಿರುವಬೇಕೆನಿಸಿತು. ಆದರೆ ಬೆರಳು ಮೂಗಿಗೆ ಹೋದಾಗೆಲ್ಲ ಅವನು ತಲೆಯಾಡಿಸಿ, "ಹಾಂ, ಬಂತು" ಎಂದು ಹೇಳುವುದನ್ನೂ ಬಿಡಲಿಲ್ಲ.

"ಗಾಡಿ ನಿಂತಿದ್ದಾಗಲೂ ಬರುತ್ತಾ?" ಎಂದು ಕೇಳಿದ. ಬರುತ್ತೆ ಎಂದರು. ಬೆಳಿಗ್ಗೆ ತಣ್ಣಗಿದ್ದಾಗ ಜಾಸ್ತಿಯೋ, ಬಿಸಿಯಾದ ಮೇಲೋ? ತಣ್ಣಗಿದ್ದಾಗ. ಗೇರ್ ಯಾವುದಿದ್ದರೂ ಒಂದೇ ಥರವಾ? ಒಂದೇ ಥರ, ಕಾಲು ಒತ್ತಿದಷ್ಟೂ ಏರುತ್ತೆ. ಹಾಗಾದರೆ ಹಲ್ಲುಚಕ್ರಗಳದ್ದಲ್ಲ, ಬೇರಿಂಗಿನದ್ದಲ್ಲ. ಆಯಿಲ್ ಎಳೆಯುವ ಪಂಪಿನ ಕಡೆಯದು. ತಲೆ ಇನ್ನೂ ಮೊದಲಿನ ಹಾಗೇ ಓಡುತ್ತಿತ್ತು. ಅದೊಂದು ಸಮಾಧಾನ.

ಶೆಡ್ಡಿಗೆ ಬಂದು ಗಾಡಿಯನ್ನು ಲಿಫ್ಟಿನ ಮೇಲೆತ್ತಿ, ಇಂಜಿನ್ ಓಡುತ್ತಿರುವಾಗಲೇ ಕೆಳಗೆ ಹೋದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುವುದು ಈ ಕಸುಬಿನವರೆಲ್ಲ ಮಾಡುವುದು. ಅವನು ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಕಣ್ಣು ಮುಚ್ಚಿದ. ಮುಂಭಾಗಕ್ಕೆ, ಪಂಪು ಇರುವ ಕಡೆಗೆ ತುದಿ ಸರಿಸಿದಾಗ ದವಡೆಯಲ್ಲೊಂದು ಜುಂ ಎದ್ದಿತು, ಇರುವೆ ಹರಿದ ಹಾಗೆ. ಅಲ್ಲೇ. ಕಣ್ಣು ತೆರೆದರೆ ಡಾಕ್ಟರಮ್ಮ ಬಗ್ಗಿ ಅವನ ಬಾಯನ್ನೇ ನೋಡುತ್ತಿದ್ದರು, ಗಾಡಿಯನ್ನಲ್ಲ. "ಎಲ್ಲಿ, ಆ ಅನ್ನಿ" ಎಂದರು. ಅವನು ಸ್ಕ್ರೂಡ್ರೈವರ್ ತೆಗೆದು, ಏನೂ ತೋಚದೆ, ಆ ಎಂದ. "ಮುಂದಿನ ಎರಡೂ ಹಲ್ಲಿನ ತುದಿ ಚಕ್ಕೆ ಎದ್ದಿದೆ. ಇದು ಒಂದು ದಿನದ ಕೆಲಸ ಅಲ್ಲ. ಯಾವಾಗಿಂದ ಹೀಗೆ ಕಚ್ತಿದೀರಿ?"

"ಹಳೇ ಪದ್ಧತಿ ಮೇಡಂ."

"ಕಿವಿ ಇರೋವಾಗ ಹಲ್ಲು ಯಾಕೆ?"

ಟ್ಯಾಕ್ಸಿಯವನು ಚಹಾದ ಲೋಟ ಕೆಳಗಿಟ್ಟ. ಮೇಸ್ತ್ರಿ ಗಾಡಿ ಕೆಳಗಿಳಿಸಿ, ಬಾನೆಟ್ ಎತ್ತಿ ಆಯಿಲಿನ ಅಳತೆ ಕಡ್ಡಿಯನ್ನು ಎಳೆದ. ಕೆಂಪಗೆ ತಿಳಿಯಾಗಿರಬೇಕಾದ ಆಯಿಲ್ ಕಡ್ಡಿಯ ತುದಿಯಲ್ಲಿ ನೊರೆನೊರೆಯಾಗಿತ್ತು. ಕಣ್ಣಿಗೆ ಕಾಣುವಂಥದ್ದು ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದ. ಆ ಹಿಗ್ಗು ಇಳಿಯುವ ಮೊದಲೇ ನೊರೆಯ ಅರ್ಥ ತಲೆಗೆ ಹತ್ತಿತು. "ಪಂಪು ಆಯಿಲ್ ಜೊತೆ ಗಾಳೀನೂ ಎಳೀತಿದೆ. ಅದೇ ನಿಮ್ಮ ಶಿಳ್ಳೆ. ಹೀಗೇ ಓಡ್ಸಿದ್ರೆ ಒಳಗಿನ ಕ್ಲಚ್ ಪ್ಲೇಟೆಲ್ಲ ಸುಟ್ಟುಹೋಗುತ್ತೆ" ಎಂದ.

"ಹೊಸದಾಗಿ ಕಟ್ಟಿದ್ದಕ್ಕೆ ಗಾಳಿ ಎಲ್ಲಿಂದ ಬರುತ್ತೆ?"

"ಪಂಪಿಗೆ ಆಯಿಲ್ ಹೋಗೋ ಫಿಲ್ಟರ್ ಸರಿಯಾಗಿ ಕೂತಿಲ್ಲ. ಅದರ ಕತ್ತು ರಬ್ಬರ್ ರಿಂಗಿನೊಳಗೆ ಪೂರ್ತಿ ಹೋಗ್ಬೇಕು."

"ಯಾರು ಕೂರಿಸಿದ್ದು?"

ಬಹಳ ಸಣ್ಣ ಪ್ರಶ್ನೆ. "ಇವನು" ಎಂದುಬಿಟ್ಟ. ಗಲ್ಲವನ್ನು ಭಾವಮೈದನ ಕಡೆ ತುಸು ತಿರುಗಿಸಿದ್ದನಷ್ಟೆ, ಕೈ ಕೂಡ ಎತ್ತಲಿಲ್ಲ. ಭಾವಮೈದ ಕೈ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಆಮೇಲೆ, ಭಾವನಿಗೂ ಕೇಳಿಸಲೆಂದು ದಪ್ಪ ದನಿಯಲ್ಲಿ, "ಹೌದು ಮೇಡಂ, ನನ್ನಿಂದಾನೇ ತಪ್ಪಾಗಿದೆ" ಎಂದ. ಡಾಕ್ಟರಮ್ಮ, "ಇನ್ನು ಮುಂದೆ ನನ್ನ ಗಾಡಿ ನೀವೊಬ್ರೇ ಮುಟ್ಟಿ ಮೇಸ್ತ್ರಿ" ಎಂದರು. ಟ್ಯಾಕ್ಸಿಯವನಿಗೆ ಇಷ್ಟು ಸಾಕಾಯಿತು. "ಅದಕ್ಕೇ ನೋಡಿ ನಾನು ಮೊದಲಿಂದ ಹೇಳೋದು, ಕಿವಿ ಇರೋರ ಕೈಗೇ ಗಾಡಿ ಕೊಡ್ಬೇಕು. ಇವನಿಗೆ ಕೊಟ್ರೆ ಕಥೆ ಮುಗೀತು!" ಸಂಜೆಯೊಳಗೆ ಈ ಮಾತು ಊರಿನ ಅಷ್ಟೂ ಸ್ಟಾಂಡುಗಳಿಗೆ ಹೋಗುವುದು ಖಂಡಿತವಾಗಿತ್ತು. ಭಾವಮೈದ ಇಲ್ಲ ಎಂದಿದ್ದರೆ ಬೈದು ಬಾಯಿ ಮುಚ್ಚಿಸಬಹುದಿತ್ತು. ಅವನು ಹೌದು ಎಂದು ಎಲ್ಲ ಹಾಳುಮಾಡಿದ.

ಗಾಡಿ ಮತ್ತೆ ಮೇಲೇರಿತು. ಆಯಿಲ್ ತಣಿಯಲಿ ಎಂದು ಕೊಂಚ ಕಾಯಬೇಕಾಯಿತು. ಆಮೇಲೆ ಅದನ್ನು ಕೆಳಗಿಟ್ಟ ಬಾನಿಯೊಳಕ್ಕೆ ಬಿಟ್ಟು, ಆಯಿಲ್ ನಿಲ್ಲುವ ಕೆಳಗಿನ ತಟ್ಟೆಯ ಬೋಲ್ಟುಗಳನ್ನು ಬಿಚ್ಚುತ್ತಿದ್ದಂತೆ ಮೇಸ್ತ್ರಿಗೆ, ಗಾಡಿ ಕೊಡುವ ಹಿಂದಿನ ದಿನ ಫಿಲ್ಟರ್ ಕೂರಿಸಿದ ಮಧ್ಯಾಹ್ನ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳೇ, ಕಡ್ಡಿಯ ನೊರೆ ಕಂಡಾಗಿಂದ ಅದು ಕಣ್ಣ ಮುಂದೆಯೇ ನಿಂತಿತ್ತು. ಇದೇ ಲಿಫ್ಟು, ಇದೇ ಗಾಡಿ, ಅವನ ಎರಡು ಕೈಗಳೂ ಮೇಲೆ. ಫಿಲ್ಟರಿನ ಕತ್ತನ್ನು ರಿಂಗಿನೊಳಗೆ ಒತ್ತಿದಾಗ, ಅದು ತಳ ಮುಟ್ಟಿದ್ದಕ್ಕೆ ಗುರುತಾಗಿ, ಟಿಕ್ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಜೀವಮಾನವೆಲ್ಲ ಅವನು ಆ ಸದ್ದಿನ ಮೇಲೆ ಕೆಲಸ ಮಾಡಿದ್ದವನು. ಬೇರೆಯವರು ಟಾರ್ಚು ಬಿಟ್ಟು, ಬೆರಳು ತೂರಿಸಿ ನೋಡುವುದನ್ನು ಹಂಗಿಸಿದ್ದವನು. ಆ ಮಧ್ಯಾಹ್ನ ಒತ್ತಿದ, ಸದ್ದು ಬರಲಿಲ್ಲ. ಬಂದಿರುತ್ತದೆ, ನನಗೆ ಬಂದಿಲ್ಲ ಅಷ್ಟೆ ಎಂದುಕೊಂಡ. ಕೈಯ ತಪ್ಪನ್ನು ಕಿವಿಯ ಲೆಕ್ಕಕ್ಕೆ ಬರೆದು, ಕೈ ಇಳಿಸಿದ. ಪಕ್ಕದಲ್ಲಿದ್ದ ಭಾವಮೈದ ಫಿಲ್ಟರಿನ ಕಡೆ ನೋಡಿ ಬಾಯಿ ತೆರೆದ. ಅವನು ಏನಾದರೂ ಅನ್ನುವ ಮೊದಲೇ ಮೇಸ್ತ್ರಿ ಕಣ್ಣು ಕೆಕ್ಕರಿಸಿದ. ಭಾವಮೈದ ಬಾಯಿ ಮುಚ್ಚಿದ. ಆ ತೆರೆದು ಮುಚ್ಚಿದ ಬಾಯಿಯನ್ನು ಬೆಳಿಗ್ಗೆ ಹೆಂಡತಿಯ ಮುಖದಲ್ಲಿಯೂ ಕಂಡಿದ್ದೆನಲ್ಲ ಎನ್ನಿಸಿ, ಒಂದು ಬೋಲ್ಟು ಕೈಜಾರಿ ಬಾನಿಯ ಆಯಿಲಿಗೆ ಬಿತ್ತು. ಅದೂ ಸದ್ದಿಲ್ಲದೆಯೇ ಬಿತ್ತು. ಭಾವಮೈದ ಬಗ್ಗಿ, ಮೊಣಕೈಯವರೆಗೆ ಆಯಿಲಿನಲ್ಲಿ ತೋಯಿಸಿಕೊಂಡು, ಅದನ್ನು ಹುಡುಕಿ ಕೊಟ್ಟ.

ತಟ್ಟೆ ಕೆಳಗೆ ಬಂತು. ಫಿಲ್ಟರ್ ಓರೆಯಾಗಿ ನೇತಾಡುತ್ತಿತ್ತು, ಕತ್ತು ರಿಂಗಿನೊಳಗೆ ಅರ್ಧಕ್ಕೇ ನಿಂತಿತ್ತು. ನೋಡಿದವರಿಗೆಲ್ಲ ಕಾಣುವಷ್ಟು. ಡಾಕ್ಟರಮ್ಮ ಕುರ್ಚಿಯಲ್ಲಿ ಕೂರಿ ಎಂದರೂ ಕೇಳದೆ ಕೆಳಗೇ ಬಂದು, ಭಾವಮೈದನ ಕೈಯಿಂದ ಟಾರ್ಚು ತೆಗೆದುಕೊಂಡು, ದಿನವಿಡೀ ಅದೇ ಕೆಲಸ ಮಾಡುವವರ ಹಾಗೆ ಬೆಳಕನ್ನು ಬೇಕಾದ ಜಾಗಕ್ಕೇ ಬಿಟ್ಟರು. ಟ್ಯಾಕ್ಸಿಯವನೂ ಎದ್ದು ಬಂದ. "ಅಬ್ಬಾ, ಹಿಂಗಾ ಕೂರ್ಸೋದು!" ಎಂದು ಭಾವಮೈದನ ಹೆಗಲು ತಟ್ಟಿ ನಕ್ಕ. ಭಾವಮೈದನೂ ನಕ್ಕ, ಬೆಳಿಗ್ಗೆ ಶಿಳ್ಳೆಗೆ ಮೇಸ್ತ್ರಿ ನಕ್ಕಿದ್ದನಲ್ಲ, ಹಾಗೆ.

ಹೊಸ ರಿಂಗಿಗೆ ಆಯಿಲ್ ಸವರಿ ಕೂರಿಸಿದ್ದಾಯಿತು. ಮೇಸ್ತ್ರಿ ಫಿಲ್ಟರನ್ನು ಎರಡು ಕೈಯಲ್ಲಿ ಎತ್ತಿ, ಕತ್ತನ್ನು ಅಂದಾಜಿಗೆ ತಂದು, ಒತ್ತಿದ. ಕೈ ಹೇಳಿತು, ಕೂತಿತು. ಆ ಮಧ್ಯಾಹ್ನವೂ ಕೈ ಹೀಗೇ ಹೇಳಿತ್ತು. ಟಾರ್ಚಿನ ಬೆಳಕಿದೆ, ಬೆರಳು ತೂರಿಸಿ ನೋಡಬಹುದು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಡಾಕ್ಟರಮ್ಮ ಗಾಡಿ ತೆಗೆದುಕೊಂಡು ಹೋಗುತ್ತಾರೆ, ಟ್ಯಾಕ್ಸಿಯವನು ಭಾವಮೈದನ ಹೆಸರು ತೆಗೆದುಕೊಂಡು ಹೋಗುತ್ತಾನೆ. ಇದೆಲ್ಲ ಬಹಳ ಸಲೀಸಾಗಿತ್ತು. ಅವನು ಕೈ ಇಳಿಸದೆಯೇ ಭಾವಮೈದನ ಕಡೆ ತಿರುಗಿದ.

"ಕೂತ್ಕೊಂಡಿತೇನೋ?" ಎಂದು ಕೇಳಿದ.

ಭಾವಮೈದ ಗಾಬರಿಯಾಗಿ ಡಾಕ್ಟರಮ್ಮನ ಕಡೆ, ಟ್ಯಾಕ್ಸಿಯವನ ಕಡೆ ನೋಡಿದ. ಮೂಗು ಮುಟ್ಟಿಕೊಳ್ಳಲು ಕೈ ಅರ್ಧ ಎತ್ತಿ, ಯಾವ ಗುರುತು ಕೊಡಬೇಕೆಂದು ತೋಚದೆ, ಅಲ್ಲೇ ನಿಲ್ಲಿಸಿದ. "ನೀವೇ ಹೇಳ್ಬೇಕು ಭಾವ. ನಿಮ್ಮ ಕಿವಿ ಮುಂದೆ ನಂದೇನು" ಎಂದ.

"ನಂಗೆ ಕೇಳಿಸಲ್ಲ ಕಣೋ. ಆವತ್ತೂ ಕೇಳಿಸಿರಲಿಲ್ಲ. ಆವತ್ತು ಇದನ್ನ ಒತ್ತಿದ್ದು ನಾನು, ನೀನಲ್ಲ. ಮೂಗು ಬಿಡು, ಇಲ್ಲಿ ಬಂದು ಕೇಳಿ ಹೇಳು."

ಎಲ್ಲರೂ ಸುಮ್ಮನಾದರೋ, ಯಾರಾದರೂ ಏನಾದರೂ ಅಂದರೋ, ಅವನಿಗೆ ತಿಳಿಯಲಿಲ್ಲ. ಅವನು ಮೇಲೆ ನೋಡುತ್ತಿದ್ದ. ಟಾರ್ಚಿನ ಬೆಳಕು ಮಾತ್ರ ಅಲುಗಲಿಲ್ಲ. ಭಾವಮೈದ ಬಂದು ಬಲಗಡೆ ನಿಂತ. ಫಿಲ್ಟರಿನ ಹತ್ತಿರಕ್ಕೆ ಮುಖ ತಂದು, ತಲೆಯನ್ನು ಓರೆ ಮಾಡಿದ. ಹಾಗೆ ಓರೆ ಮಾಡುವುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಇಲ್ಲ ಭಾವ. ಇನ್ನೂ ಕೂತಿಲ್ಲ."

ಒತ್ತಿದ.

"ಇನ್ನೊಂಚೂರು."

ಕಾಲ ಬೆರಳುಗಳ ಮೇಲೆ ನಿಂತು, ಉಸಿರು ಬಿಗಿಹಿಡಿದು ಒತ್ತಿದ. ಏನೂ ಕೇಳಿಸಲಿಲ್ಲ. ಭಾವಮೈದ ಅವನ ಮುಖದ ಎದುರಿಗೆ ಬಂದು, ಬಾಯಿ ಪೂರ್ತಿ ತೆರೆದು ಹೇಳಿದ.

"ಹಾಂ, ಈಗ ಕೂತಿತು."

ಅವನು ಕೈ ಇಳಿಸಿದ.